ಪ್ರಾರ್ಥನೆಗೆ ಬಂದವರಿಗೇ ಬಡ್ತಿಯಾ?

ಪ್ರಶ್ನೆ: ನನಗೆ 58 ವರ್ಷ. ಕ್ರೈಸ್ತ. ಸ್ವಂತ ಪ್ರಿಂಟಿಂಗ್ ಪ್ರೆಸ್ ಇದೆ, 40 ಜನ ಕೆಲಸ ಮಾಡುತ್ತಾರೆ. ಮಕ್ಕಳಿಗೆ ಇದರಲ್ಲಿ ಆಸಕ್ತಿ ಇಲ್ಲ. ಹಾಗಾಗಿ ಒಳಗಿನವರನ್ನೇ ತಯಾರು ಮಾಡೋಣ ಅಂತ ಪ್ರತಿ ಸೋಮವಾರ ಬೆಳಿಗ್ಗೆ ಕೆಲವರನ್ನು ಕೂರಿಸಿಕೊಂಡು, ಮೊದಲು ಪ್ರಾರ್ಥನೆ ಮಾಡಿ, ಆಮೇಲೆ ವ್ಯವಹಾರ ಹೇಳಿಕೊಡುತ್ತೇನೆ. ನಮ್ಮ ಚರ್ಚ್ ಸಭೆಯ ಹುಡುಗನೊಬ್ಬ ಎರಡು ವರ್ಷದಿಂದ ಇದ್ದಾನೆ. ತುಂಬಾ ಒಳ್ಳೆಯವನು, ಆದರೆ ಎಲ್ಲದಕ್ಕೂ ನನ್ನ ಮುಖ ನೋಡುತ್ತಾನೆ. ಇನ್ನೊಬ್ಬರು 11 ವರ್ಷದಿಂದ ಇರುವ ಸೂಪರ್‌ವೈಸರ್. ಚುರುಕಾದ ಹೆಣ್ಣುಮಗಳು, ಬೇರೆ ಧರ್ಮದವರು. ಮೊನ್ನೆ ಅವರು, “ಸರ್, ಮ್ಯಾನೇಜರ್ ಆಗಬೇಕಂದ್ರೆ ಸೋಮವಾರ ಪ್ರಾರ್ಥನೆಗೆ ಬರಬೇಕಾ?” ಅಂತ ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಸಭೆಯ ಸ್ನೇಹಿತರು “ನಮ್ಮವರನ್ನೇ ಬೆಳೆಸಿ” ಅನ್ನುತ್ತಾರೆ. ಹೆಂಗಸರ ಜೊತೆ ಒಬ್ಬನೇ ಕೂತು ಮಾತಾಡುವುದಿಲ್ಲ ಎಂಬ ನಿಯಮ ಬೇರೆ ಇಟ್ಟುಕೊಂಡಿದ್ದೇನೆ. ಏನು ಮಾಡಲಿ?

ಉತ್ತರ: ಅವರ ಪ್ರಶ್ನೆಗೆ “ಬೇಡಮ್ಮ, ಬರಬೇಕಾಗಿಲ್ಲ” ಅನ್ನುವುದು ಒಂದೇ ಉತ್ತರ. ಅದನ್ನು ನಾಳೆಯೇ ಹೇಳಿಬಿಡಿ. ಅವರು ಅದನ್ನು ಬಾಯಿಬಿಟ್ಟು ಕೇಳಿದ್ದಾರೆ. ಉಳಿದವರು ಕೇಳಿಲ್ಲ ಅಷ್ಟೇ, ತಮ್ಮ ತಮ್ಮಲ್ಲೇ ಮಾತಾಡಿಕೊಂಡಿರುತ್ತಾರೆ.

ನೀವು ಬೈಬಲ್ ಓದುವವರು, ಅದನ್ನೇ ಮುಂದಿಟ್ಟುಕೊಂಡು ಮಾತಾಡೋಣ. ಯೋಸೇಫನ ಕಥೆಯನ್ನು ನೀವು ಎಷ್ಟೋ ಸಲ ಕೇಳಿದ್ದೀರಿ. ಪ್ರತಿ ಸಲವೂ ಯೋಸೇಫನ ಜಾಗದಲ್ಲಿ ನಿಂತು ಕೇಳಿದ್ದೀರಿ, ಅಲ್ವಾ? ಈ ಸಲ ಅವನಿಗೆ ಅಧಿಕಾರ ಕೊಟ್ಟ ಈಜಿಪ್ಟಿನ ರಾಜ ಫರೋಹನ ಕುರ್ಚಿಯಲ್ಲಿ ಕೂತು ನೋಡಿ. ಏಕೆಂದರೆ ಸಂಬಳ ಕೊಡುವವರು ನೀವು. ಫರೋಹನ ಧರ್ಮ ಬೇರೆ, ಯೋಸೇಫನದು ಬೇರೆ. ಆದರೂ 30 ವರ್ಷದ ಆ ಪರದೇಶಿಯ ಬುದ್ಧಿ ನೋಡಿ ದೇಶದ ಆಡಳಿತ ಒಪ್ಪಿಸಿ, ತನ್ನ ಮುದ್ರೆಯುಂಗುರವನ್ನೇ ತೆಗೆದು ಅವನ ಕೈಗೆ ಹಾಕಿದ. ಮೊದಲು ನನ್ನ ದೇವರಿಗೆ ಅಡ್ಡಬೀಳು ಅಂತ ಷರತ್ತು ಹಾಕಿದ್ದು ಈ ಕಥೆ ಇರುವ ಆದಿಕಾಂಡದಲ್ಲಿ ಎಲ್ಲೂ ಇಲ್ಲ. ಅಂಥ ಷರತ್ತು ಹಾಕಿದವನು ಬಾಬೆಲಿನ ರಾಜ ನೆಬೂಕದ್ನೆಚ್ಚರ. ದಾನಿಯೇಲನ ಪುಸ್ತಕದ 3ನೇ ಅಧ್ಯಾಯದಲ್ಲಿ, ಅವನು ನಿಲ್ಲಿಸಿದ ವಿಗ್ರಹಕ್ಕೆ ಅಡ್ಡಬೀಳದೆ ಬೆಂಕಿಗೆ ಬಿದ್ದ ಮೂವರೂ ಅವನ ಕೈಕೆಳಗಿನ ಅಧಿಕಾರಿಗಳೇ. ನೀವು ಯಾರನ್ನೂ ಬೆಂಕಿಗೆ ಹಾಕುತ್ತಿಲ್ಲ, ನಿಜ. ಆದರೆ ಪ್ರಾರ್ಥನೆ ಮತ್ತು ಬಡ್ತಿ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ ನಡೆದರೆ, ಹೊರಗೆ ಮೆಷಿನ್ ಹತ್ತಿರ ನಿಂತವರಿಗೆ ಏನನ್ನಿಸುತ್ತದೆ ಅಂತ ಯೋಚಿಸಿ.

ಪ್ರಾರ್ಥನೆ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಕೆಲಸದ ಹೊತ್ತಿನಿಂದ ಹೊರಗಿಡಿ. ಇಷ್ಟ ಇದ್ದವರು ಬರಲಿ. ಯಾರು ಬಂದರು, ಯಾರು ಬರಲಿಲ್ಲ ಅಂತ ಮನಸ್ಸಲ್ಲೂ ಹಾಜರಿ ಹಾಕಬೇಡಿ. ವ್ಯವಹಾರ ಕಲಿಸುವುದಕ್ಕೆ ಬೇರೆ ದಿನ, ಬೇರೆ ಹೊತ್ತು ಇಟ್ಟುಕೊಳ್ಳಿ.

ನಿಮ್ಮ ಸ್ನೇಹಿತರು ವಿಮೋಚನಕಾಂಡದ 18ನೇ ಅಧ್ಯಾಯ ತೆಗೆದು ತೋರಿಸಬಹುದು. ಸಮರ್ಥರೂ ದೇವಭಕ್ತರೂ ನಂಬಿಗಸ್ತರೂ ಲಂಚ ಮುಟ್ಟದವರೂ ಆದವರನ್ನು ಆರಿಸು ಅಂತ ಇಸ್ರಾಯೇಲ್ಯರ ನಾಯಕ ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದು ಅಲ್ಲೇ. ದೇವಭಕ್ತಿ ಆ ಪಟ್ಟಿಯಲ್ಲಿ ಇದೆ, ಇಲ್ಲ ಅನ್ನಲಾರೆ. ಆದರೆ ಮೋಶೆ ಆರಿಸುತ್ತಿದ್ದದ್ದು ದೇವರ ಕಟ್ಟಳೆ ಪ್ರಕಾರ ಜನರ ನ್ಯಾಯ ತೀರಿಸುವವರನ್ನು. ನೀವು ಆರಿಸುತ್ತಿರುವುದು ಪ್ರೆಸ್ ನೋಡಿಕೊಳ್ಳುವವರನ್ನು. ಸಭೆಯ ಹಿರಿಯರನ್ನು ಆರಿಸುವಾಗ ನಿಮ್ಮ ಸ್ನೇಹಿತರ ಮಾತು ಸರಿ, ಇಲ್ಲಿ ಸರಿಯಲ್ಲ. ಅಂದಹಾಗೆ, ಆ ಸಲಹೆ ಕೊಟ್ಟ ಇತ್ರೋ ಮಿದ್ಯಾನಿನ ಯಾಜಕ, ಇಸ್ರಾಯೇಲಿನವನೇ ಅಲ್ಲ. ಮೋಶೆ ಅದನ್ನೆಲ್ಲ ನೋಡುತ್ತಾ ಕೂರದೆ ಅವನು ಹೇಳಿದಂತೆ ಮಾಡಿದ.

ಇನ್ನು ನಿಮ್ಮ ನಿಯಮ. ನನ್ನ ಪ್ರಕಾರ ನಿಮ್ಮ ದೊಡ್ಡ ತೊಡಕು ಇದೇ. ನಿಯಮದ ಹಿಂದಿನ ಉದ್ದೇಶ ಒಳ್ಳೆಯದು, ಗೌರವಿಸುತ್ತೇನೆ. ಆದರೆ ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಗಿರಾಕಿಯ ಹತ್ತಿರ ಹೋಗುವಾಗ ಕಾರಿನಲ್ಲಿ ಆ ಹುಡುಗ ನಿಮ್ಮ ಪಕ್ಕ ಕೂರುತ್ತಿರಬೇಕು. ಯಾವ ಪಾರ್ಟಿ ದುಡ್ಡು ತಡ ಮಾಡುತ್ತದೆ, ಪೇಪರ್ ರೇಟು ಏರಿದಾಗ ಹೇಗೆ ಮಾತಾಡಬೇಕು, ಎಲ್ಲಿ ಬಿಟ್ಟುಕೊಡಬಾರದು, ಇದನ್ನೆಲ್ಲ ನೀವು ದಾರಿಯಲ್ಲೇ ಹೇಳಿರುತ್ತೀರಿ. ಸೋಮವಾರದ ಪಾಠಕ್ಕಿಂತ ಅವನು ಜಾಸ್ತಿ ಕಲಿತಿರುವುದು ಅಲ್ಲೇ. ಆ ಹೆಣ್ಣುಮಗಳಿಗೆ 11 ವರ್ಷದಲ್ಲಿ ಇದು ಒಂದು ಸಲವೂ ಸಿಕ್ಕಿರಲಿಕ್ಕಿಲ್ಲ. ನಿಯಮ ಇರಲಿ ಅನ್ನುವುದಾದರೆ ಇಬ್ಬರಿಗೂ ಒಂದೇ ಇರಲಿ. ಬಾಗಿಲು ತೆರೆದಿಟ್ಟ ಕೋಣೆಯಲ್ಲಿ ಮಾತಾಡಿ. ಹೊರಗೆ ಹೋಗುವಾಗ ಇಬ್ಬರನ್ನೂ ಕರೆದುಕೊಂಡು ಹೋಗಿ. ಅದು ಆಗದಿದ್ದ ದಿನ ಒಬ್ಬರೇ ಹೋಗಿ.

ಕಲಿಸುವುದು ಹೇಗೆ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂದಿನ ದೊಡ್ಡ ಆರ್ಡರ್ ಬಂದಾಗ ಕೊಟೇಶನ್ ಆ ಸೂಪರ್‌ವೈಸರ್ ಅವರೇ ಹಾಕಲಿ. ಗಿರಾಕಿ ಎದುರಿಗೆ ಕೂತಾಗ ನೀವು ಸುಮ್ನೆ ಇರಿ. ಗಿರಾಕಿ ಅಭ್ಯಾಸಬಲದಿಂದ ನಿಮ್ಮ ಕಡೆ ತಿರುಗುತ್ತಾನೆ. ಆಗ ನೀವು ಅವರ ಕಡೆ ತಿರುಗಿ. ಲೆಕ್ಕ ಸ್ವಲ್ಪ ತಪ್ಪಿದರೂ ಅಲ್ಲೇ ಬಾಯಿ ಹಾಕಬೇಡಿ, ಬಂದಮೇಲೆ ಮಾತಾಡಿ. ಯೋಸೇಫನ ಕೈಗೆ ಮನೆ ಒಪ್ಪಿಸಿದಮೇಲೆ, ಅವನ ಮೊದಲಿನ ಯಜಮಾನ ಪೋಟೀಫರ ತಾನು ಉಣ್ಣುವ ಅನ್ನ ಬಿಟ್ಟು ಬೇರೇನನ್ನೂ ವಿಚಾರಿಸಲಿಲ್ಲವಂತೆ. ಅಷ್ಟು ನಿಮ್ಮಿಂದ ಆಗದು, ಗೊತ್ತು. ಒಂದು ಕೊಟೇಶನ್‌ನಿಂದ ಶುರು ಮಾಡಿ.

ಅವರನ್ನೂ ತಯಾರು ಮಾಡುತ್ತಿರುವ ವಿಷಯ ಆ ಹುಡುಗನಿಗೆ ಬೇರೆಯವರಿಂದ ಗೊತ್ತಾಗುವುದು ಬೇಡ, ನೀವೇ ಹೇಳಿ. ಅವನನ್ನು ಕೈಬಿಡುತ್ತಿಲ್ಲ ಅನ್ನುವುದನ್ನೂ ಹೇಳಿ. ಸುವಾರ್ತೆ ಸಾರಲು ಹೊರಟ ಪೌಲನು ಮಾರ್ಕನನ್ನು ಬೇಡ ಅಂದಾಗ, ಪೌಲನ ಜೊತೆಗಾರ ಬಾರ್ನಬ ಅವನನ್ನು ಜೊತೆಗೆ ಕರೆದುಕೊಂಡು ಹೋದ. ಮುಂದೆ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅಂತ ತನ್ನ ಶಿಷ್ಯ ತಿಮೊಥೆಗೆ ಬರೆದ. ನಿಮ್ಮ ಹುಡುಗನಿಗೂ ಸಮಯ ಕೊಡಿ. ಸಣ್ಣದೊಂದು ವಿಭಾಗ ಒಪ್ಪಿಸಿ. ನಿಮ್ಮ ಮುಖ ನೋಡಿದಾಗೆಲ್ಲ “ನೀನೇನಂತೀಯ?” ಅಂತ ಕೇಳಿ. ಅವನು ಅಂಜುವುದಕ್ಕೆ ನೀವೂ ಸ್ವಲ್ಪ ಕಾರಣ ಇರಬಹುದು.

ಸೂಪರ್‌ವೈಸರ್ ಅವರನ್ನು ಆರಿಸಿದ್ದೇ ಆದರೆ ಎಲ್ಲರ ಎದುರು ಹೇಳಿ. ಮೋಶೆ ತನ್ನ ನಂತರದ ನಾಯಕನಾಗಿ ಯೆಹೋಶುವನ ಮೇಲೆ ಕೈಯಿಟ್ಟದ್ದು ಇಡೀ ಸಮೂಹದ ಮುಂದೆ. ಗುಟ್ಟಾಗಿ ಕೊಟ್ಟ ಅಧಿಕಾರವನ್ನು ಪ್ರೆಸ್ಸಿನಲ್ಲಿ ಯಾರೂ ಒಪ್ಪುವುದಿಲ್ಲ.

ಕೊನೆಗೆ, ನಿಮ್ಮ ಪತ್ರದಲ್ಲಿ ಸಂಬಳದ ಮಾತೇ ಇಲ್ಲ. ಜವಾಬ್ದಾರಿ ಕೊಡುವ ದಿನವೇ ಅದನ್ನೂ ನಿಗದಿ ಮಾಡಿ. ಅವರು ಬಾಯಿಬಿಟ್ಟು ಕೇಳುವ ಮೊದಲೇ ಬರೆದು ಕೊಡಿ.