ಉಪ್ಪುನೀರಿನ ತೊಟ್ಟಿಗೆ ಮೊದಲ ಮೀನು ಯಾವಾಗ?

ಪ್ರಶ್ನೆ: 75 ಲೀಟರಿನ ಗಾಜಿನ ತೊಟ್ಟಿ ತಂದಿದ್ದೇನೆ. ಉಪ್ಪುನೀರು ತುಂಬಿಸಿದ ಮರುದಿನವೇ ಮೀನು ಬಿಡಬಹುದಾ? ಮಗಳಿಗೆ ನೀಲಿ ಟ್ಯಾಂಗ್ ಮೀನೇ ಬೇಕಂತೆ.

ಉತ್ತರ: ದಯವಿಟ್ಟು ಬೇಡ. ನೀರು ತಿಳಿಯಾಗಿ ಕಂಡರೂ, ಮೀನಿನ ಕಸದಿಂದ ಹುಟ್ಟುವ ಅಮೋನಿಯಾವನ್ನು ಅರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಇನ್ನೂ ಬೆಳೆದಿರುವುದಿಲ್ಲ. ಲೈವ್ ರಾಕ್ (ಇಂಥ ಬ್ಯಾಕ್ಟೀರಿಯಾ ನೆಲೆಸಿರುವ ಸಮುದ್ರದ ಕಲ್ಲು) ಜೋಡಿಸಿ, ಕೊಳೆತು ಅಮೋನಿಯಾ ಹುಟ್ಟಲೆಂದು ಚಿಟಿಕೆ ಮೀನಿನ ಆಹಾರ ಉದುರಿಸಿ, ಪಂಪು ಓಡಿಸುತ್ತಾ ಕಾಯಿರಿ. ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಬ್ಯಾಕ್ಟೀರಿಯಾ ಅದನ್ನು ಅರಗಿಸಿದಾಗ ಹುಟ್ಟುವ ನೈಟ್ರೈಟ್ (ಇದೂ ಮೀನಿಗೆ ವಿಷವೇ) ಎರಡೂ ಏರಿ, ಮತ್ತೆ ಸೊನ್ನೆಗೆ ಇಳಿದ ಮೇಲೆ ಮೀನಿನ ಮಾತು.

ಅಡುಗೆ ಉಪ್ಪು ನಡೆಯುವುದಿಲ್ಲ. ಅಕ್ವೇರಿಯಂಗೆಂದೇ ಬರುವ ಸಮುದ್ರದ ಉಪ್ಪನ್ನು ಬೇರೆ ಬಕೆಟ್‌ನಲ್ಲಿ ಆರ್‌ಒ ನೀರಿಗೆ ಕಲಸಿ. ಸಾಪೇಕ್ಷ ಸಾಂದ್ರತೆ (ಸಿಹಿನೀರಿಗಿಂತ ಉಪ್ಪುನೀರು ಎಷ್ಟು ಪಟ್ಟು ಭಾರ ಎಂಬ ಅಳತೆ) 1.025ರ ಆಸುಪಾಸಿನಲ್ಲಿರಲಿ. ನೀರಿನ ಮಟ್ಟಕ್ಕೆ ಗಾಜಿನ ಹೊರಗೆ ಟೇಪು ಅಂಟಿಸಿಡಿ. ನಾನು ದಿನಾ ಬೆಳಿಗ್ಗೆ ಮೊದಲು ನೋಡುವುದು ಅದನ್ನೇ. ನೀರು ಟೇಪಿಗಿಂತ ಕೆಳಗಿಳಿದರೆ ಉಪ್ಪಿಲ್ಲದ ಆರ್‌ಒ ನೀರನ್ನೇ ಸೇರಿಸಿ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತೆ ಅಲ್ವಾ?

ನೀಲಿ ಟ್ಯಾಂಗ್ ಸುಮಾರು ಒಂದಡಿ ಬೆಳೆಯುತ್ತದೆ, ನಿಮ್ಮ ತೊಟ್ಟಿಗೆ ಆಗದು. ಮಗಳು ಮುನಿಸಿಕೊಂಡರೂ ಸರಿ! ತೊಟ್ಟಿಯಲ್ಲೇ ಹುಟ್ಟಿ ಬೆಳೆದ ಒಸೆಲ್ಲಾರಿಸ್ ಕ್ಲೌನ್ ಮೀನಿನ ಒಂದು ಜೋಡಿ ಸಾಕು. ಅದಕ್ಕೆ ಅನಿಮೋನ್ (ಕಡಲಿನಲ್ಲಿ ಈ ಮೀನು ಆಸರೆ ಪಡೆಯುವ, ಹೂವಿನಂಥ ಜೀವಿ) ಬೇಕೇ ಬೇಕು ಅಂತೇನಿಲ್ಲ.