'ನೋಡೋಣ' ಅಂದರೆ 'ಇಲ್ಲ' ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಈ ವಾರದ ಪತ್ರಗಳಲ್ಲಿ ಅತ್ತೆ ಸೊಸೆ ಜಗಳ ಮೂರು, ಸಾಲ ವಾಪಸ್ ಕೊಡದ ಗೆಳೆಯ ಒಬ್ಬ. ಅವೆಲ್ಲ ಮುಂದಿನ ವಾರಕ್ಕಿರಲಿ. ಈ ಪತ್ರ ಓದುತ್ತಾ ನನ್ನ ಕಾಫಿ ಆರಿಹೋಯಿತು.

ಬರೆದವರು ಬೆಂಗಳೂರಿನವರು, ವಯಸ್ಸು 31, ಹೆಸರು ಬೇಡ ಅಂದಿದ್ದಾರೆ. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಕ್ಲೈಂಟ್ ಇರುವುದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ. ಅಲ್ಲಿನ ಡಚ್ ಮ್ಯಾನೇಜರ್ ಒಂದು ಕಾಲ್‌ನಲ್ಲಿ, "20ನೇ ತಾರೀಖಿಗೆ ಮುಗಿಯುತ್ತಾ?" ಅಂತ ಕೇಳಿದರು. ಮುಗಿಯಲ್ಲ ಅಂತ ಇವರಿಗೆ ಆಗಲೇ ಗೊತ್ತಿತ್ತು. ಆದರೂ "ಎಸ್, ವಿ ವಿಲ್ ಟ್ರೈ" ಅಂದರು. 19ರ ಸಂಜೆ ಏಳೂವರೆಗೆ, ಆಗಿಲ್ಲ ಅಂತ ಮೆಸೇಜ್ ಹಾಕಿದರು. ಮರುದಿನ ಒಂಬತ್ತು ಜನರ ಮುಂದೆ ಆ ಮನುಷ್ಯ, "ನೀವು ಆಗುತ್ತೆ ಅಂದಿರಿ. ಆಗಲ್ಲ ಅಂತ ಮೊದಲೇ ಹೇಳಿದ್ದರೆ ಒಳ್ಳೆಯದಿತ್ತು. ಇದು ಸರಿಯಲ್ಲ" ಅಂದರು. ಇವರು ರೆಸ್ಟ್‌ರೂಮಿಗೆ ಹೋಗಿ ಅತ್ತರು. ಮುಂದಿನ ಗುರುವಾರ ಮತ್ತೆ ಕಾಲ್ ಇದೆ. ಎರಡನೇ ಭಾಗವನ್ನು 10ನೇ ತಾರೀಖಿಗೆ ಕೇಳುತ್ತಾರಂತೆ, ಅದೂ ಆಗುವ ಮಾತಲ್ಲವಂತೆ. "ಅವರಿಗೆ ನಮ್ಮ ಸಂಸ್ಕೃತಿ ಗೊತ್ತಿಲ್ಲ, ಒರಟರು. ಎಚ್‌ಆರ್‌ಗೆ ದೂರು ಕೊಡಲಾ, ಪ್ರಾಜೆಕ್ಟ್ ಬದಲಿಸಲಾ?" ಇದು ಪ್ರಶ್ನೆ.

ದೂರು ಬೇಡ. ಆ ಡಚ್ಚ ಬೈದದ್ದು ನಿಮ್ಮನ್ನಲ್ಲ, ನಡೆದ ಕೆಲಸವನ್ನು. ಇವೆರಡು ಬೇರೆ ಬೇರೆ ಅಂತ ಅವರು ಚಿಕ್ಕಂದಿನಿಂದ ನಂಬಿಕೊಂಡು ಬಂದಿರುತ್ತಾರೆ. ಆ ದೇಶದಲ್ಲಿ 'ಪರವಾಗಿಲ್ಲ, ಕೆಟ್ಟದ್ದಾಗಿಲ್ಲ' ಅಂದರೇ ಹೊಗಳಿಕೆ. ನನಗೂ ಒಮ್ಮೆ ಪೆಟ್ಟು ಬಿದ್ದಿದೆ. ಗಾರ್ಮೆಂಟ್ಸ್ ರಫ್ತಿನ ಕೆಲಸದಲ್ಲಿದ್ದಾಗ ಅಲ್ಲಿನ ಖರೀದಿದಾರರೊಬ್ಬರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟು ಬಿಸ್ಕತ್ ಡಬ್ಬಿ ಮುಂದೆ ಹಿಡಿದರು. ನಾನು ಅಭ್ಯಾಸದಂತೆ "ಅಯ್ಯೋ ಬೇಡ ಬೇಡ" ಅಂದೆ. ಅವರು ಡಬ್ಬಿ ಮುಚ್ಚಿ ಒಳಗೆ ಇಟ್ಟುಬಿಟ್ಟರು! ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಮೂರು ಸಲ ಬೇಡ ಅಂದಮೇಲೆ ನಾಲ್ಕನೇ ಸಲ ತಗೊಳ್ಳಬೇಕು ಅನ್ನೋ ನಿಯಮ ಪಾಪ ಅವರಿಗೆ ಯಾರು ಹೇಳಿಕೊಟ್ಟಿದ್ದರು?

ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ತಿಂದು "ಊರಿಗೆ ಹೋಗಿ ಕಾಗದ ಬರೀತೀವಿ" ಅಂತ ಎದ್ದರೆ, ಅಡುಗೆಮನೆಯಲ್ಲಿದ್ದ ಅಜ್ಜಿಗೂ ಗೊತ್ತಾಗುತ್ತಿತ್ತು, ಇದು ಆಗೋ ಸಂಬಂಧವಲ್ಲ ಅಂತ. ಡಚ್ಚ ಆಗಿದ್ದರೆ ಬಾಗಿಲಲ್ಲಿ ಕೂತು ಪೋಸ್ಟ್‌ಮ್ಯಾನ್‌ಗೆ ಕಾಯುತ್ತಿದ್ದ. ನಮ್ಮ 'ನೋಡೋಣ' ಕೂಡ ಇದೇ ಜಾತಿಯದು. ಅಮೆರಿಕದ ಎಡ್ವರ್ಡ್ ಹಾಲ್ ಅನ್ನೋ ವಿದ್ವಾಂಸರು ಇದನ್ನು 1976ರಲ್ಲಿ ವಿವರಿಸಿದ್ದರು: ಕೆಲವು ಸಮಾಜಗಳಲ್ಲಿ ಅರ್ಥ ಮಾತಿನಲ್ಲೇ ಇರುತ್ತದೆ, ಇನ್ನು ಕೆಲವು ಕಡೆ ಮಾತಿನ ಸುತ್ತ ಇರುತ್ತದೆ. ನಿಮ್ಮ 'ಟ್ರೈ'ಯ ಅರ್ಥವೂ ಸುತ್ತಲೇ ಇತ್ತು. ನಿಮ್ಮ ಮುಖದಲ್ಲಿತ್ತು, ಮಾತಿಗೆ ಮುಂಚಿನ ಆ ಎರಡು ಸೆಕೆಂಡ್ ಮೌನದಲ್ಲಿತ್ತು. ಕ್ಯಾಮೆರಾ ಆಫ್ ಆಗಿತ್ತು ಅಂತ ನೀವೇ ಬರೆದಿದ್ದೀರಿ.

ಇನ್ನೊಂದು ತಮಾಷೆ. "ಟೆಸ್ಟ್ ಡೇಟಾ ಬಗ್ಗೆ ಕೆಲವು ಡೌಟ್ಸ್ ಇವೆ ಅಂತ ಬರೆದರೆ, 'ಯಾಕೆ? ಅದು ಸರಿಯಾಗೇ ಇದೆ' ಅಂತ ಮುಖಕ್ಕೆ ಹೊಡೆದಂತೆ ಉತ್ತರ ಕೊಟ್ಟರು" ಅಂದಿದ್ದೀರಿ. ನಮ್ಮ ಕ್ಲಾಸುಗಳಲ್ಲಿ ಡೌಟ್ ಅಂದರೆ ಪ್ರಶ್ನೆ. ಅವರಿಗೆ ಡೌಟ್ ಅಂದರೆ ಅನುಮಾನ. ನೀವು ಕೇಳಿದ್ದು "ಇದು ಅರ್ಥವಾಗಲಿಲ್ಲ, ಹೇಳಿಕೊಡಿ" ಅಂತ. ಅವರು ಓದಿದ್ದು "ನಿಮ್ಮ ಡೇಟಾ ಮೇಲೆ ನನಗೆ ನಂಬಿಕೆ ಇಲ್ಲ" ಅಂತ. ಇನ್ನುಮೇಲೆ 'ಕ್ವೆಶ್ಚನ್' ಅಂತ ಬರೆಯಿರಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಇಷ್ಟಾದರೂ ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಪತ್ರದ ಎರಡನೇ ಪುಟದಲ್ಲಿ, ಬ್ರಾಕೆಟ್ ಒಳಗೆ, ಒಂದೇ ಒಂದು ಸಾಲು: "(ಕಾಲ್‌ಗೆ ಮುಂಚೆ ನಮ್ಮ ಟೀಮ್ ಲೀಡ್, 'ಏನು ಕೇಳಿದರೂ ಎಸ್ ಅನ್ನು, ಆಮೇಲೆ ನೋಡ್ಕೊಳ್ಳೋಣ' ಅಂದಿದ್ದರು.)"

ತಾಯಿ, ಇದನ್ನು ಬ್ರಾಕೆಟ್‌ನಲ್ಲಿ ಬರೀತಾರಾ?

ಈ ಅಂಕಣ ಓದುವವರಿಗೆ ನನ್ನ ಹಳೇ ರಗಳೆ ಗೊತ್ತೇ ಇದೆ. ನಾಲ್ಕು ಜನ ಸೇರುವ ಮುಂಚೆ ಕಿವಿಯಲ್ಲಿ ಪಿಸುಗುಟ್ಟುವವರನ್ನು ನಂಬಬೇಡಿ, ಅತ್ತಿಗೆಯಾದರೂ ಸರಿ, ಲೀಡ್ ಆದರೂ ಸರಿ. ಆ ಲೀಡ್‌ಗೆ ಹನ್ನೆರಡು ವರ್ಷದ ಅನುಭವ ಅಂತೀರಿ. ಎರಡು ವರ್ಷ ಅಲ್ಲೇ ಹೋಗಿ ಇದ್ದು ಬಂದವರು ಅಂತೀರಿ. ಅಂದರೆ ಡಚ್ಚನಿಗೆ 'ಎಸ್' ಹೇಗೆ ಕೇಳಿಸುತ್ತದೆ ಅಂತ ಇಡೀ ಟೀಮಿನಲ್ಲಿ ಚೆನ್ನಾಗಿ ಗೊತ್ತಿದ್ದವರು ಅವರೊಬ್ಬರೇ. ಆ ಎಸ್ ಅನ್ನು ನಿಮ್ಮ ಬಾಯಲ್ಲಿ ಹೇಳಿಸಿದರು. ನಿಮಗೆ ಬೈಗುಳ ಬೀಳುವಾಗ ಅದೇ ಕಾಲ್‌ನಲ್ಲಿ ಮ್ಯೂಟ್ ಹಾಕಿಕೊಂಡು ಕೂತಿದ್ದರು. ನಂತರ ಬಂದು "ಈ ಯುರೋಪಿನವರೇ ಹೀಗೆ, ತಲೆ ಕೆಡಿಸ್ಕೋಬೇಡ" ಅಂತ ಸಮಾಧಾನ ಬೇರೆ!

ಮೇಲಿನವರ ಮಾತಿಗೆ ಎದುರಾಡದೆ ತಲೆಬಾಗುವುದನ್ನು ಅಳೆದು ಅಂಕ ಕೊಟ್ಟವರು ಒಬ್ಬರಿದ್ದರು, ಗೀರ್ಟ್ ಹಾಫ್‌ಸ್ಟೆಡ್ ಅಂತ. ಅವರೂ ಡಚ್ಚರೇ. ಐಬಿಎಂ ಕಂಪನಿಯ ನೌಕರರ ಉತ್ತರಗಳನ್ನು ಗುಡ್ಡೆ ಹಾಕಿ ಲೆಕ್ಕ ಹಾಕಿದರು. ಅದರಲ್ಲಿ ಭಾರತಕ್ಕೆ 77, ನೆದರ್ಲೆಂಡ್ಸ್‌ಗೆ 38. ಒಂದು ಅಂಕಿಯಿಂದ ದೇಶವನ್ನೇ ಅಳೆಯೋದು ನನಗೆ ಅಷ್ಟಾಗಿ ಹಿಡಿಸಲ್ಲ. ಆದರೆ ಆ 77 ಎಲ್ಲಿದೆ ಅಂತ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಏಳೂವರೆ ಸಾವಿರ ಕಿಲೋಮೀಟರ್ ಆಚೆ ಇರುವ ಮನುಷ್ಯನನ್ನು ನೀವು ಹೆಸರು ಹಿಡಿದು ಕರೆಯುತ್ತೀರಿ. ಪಕ್ಕದ ಸೀಟಿನಲ್ಲಿ ಕೂರುವ ಲೀಡ್‌ಗೆ "ಸರ್, ಇದು ಸುಳ್ಳಾಗುತ್ತೆ" ಅನ್ನಲು ನಿಮಗೆ ನಾಲಿಗೆ ಬರಲಿಲ್ಲ. ಪ್ರಾಜೆಕ್ಟ್ ಬದಲಿಸಿದರೆ ಡಚ್ಚ ತಪ್ಪುತ್ತಾನೆ. ಇಂಥ ಲೀಡ್ ಅಲ್ಲೂ ಒಬ್ಬ ಇರುತ್ತಾನೆ.

ನಿಮ್ಮದೇನೂ ತಪ್ಪಿಲ್ಲ ಅಂತ ನಾನು ಹೇಳಲ್ಲ. ಕೆಟ್ಟ ಸುದ್ದಿಯನ್ನು ಕೊನೆಯ ಸಂಜೆವರೆಗೆ ಒಲೆ ಮೇಲಿಟ್ಟು ಕಾಯಿಸಿದ್ದು ನೀವೇ. ಚಳಿಗಾಲದಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ನಿಮ್ಮ ಮೆಸೇಜ್ ತಲುಪುವಾಗ ಅಲ್ಲಿ ಮಧ್ಯಾಹ್ನ ಮೂರು. ಮರುದಿನ ತಮ್ಮ ಮೇಲಿನವರಿಗೆ ಉತ್ತರ ಕೊಡಬೇಕಾದ ಮನುಷ್ಯನಿಗೆ ಉಳಿದದ್ದು ಎರಡು ಗಂಟೆ.

ಹಾಗಾಗಿ ಒಂದೇ ಕೆಲಸ ಮಾಡಿ. ಗುರುವಾರ 10ನೇ ತಾರೀಖಿನ ಮಾತು ಬಂದ ತಕ್ಷಣ, "10ಕ್ಕೆ ಆಗಲ್ಲ, 17ಕ್ಕೆ ಕೊಡ್ತೀನಿ" ಅಂತ ಇಂಗ್ಲಿಷಿನಲ್ಲಿ ಹೇಳಿ. 17 ನಿಜವಾಗಿ ಆಗುವ ತಾರೀಖಾಗಿರಲಿ. ಮುಂದೆ 'ಸಾರಿ' ಬೇಡ, ಹಿಂದೆ 'ಆಕ್ಚುಲಿ' ಬೇಡ. ಹೇಳಿ ಬಾಯಿ ಮುಚ್ಚಿಕೊಳ್ಳಿ. ಅವರು ಯಾಕೆ ಅಂತ ಕೇಳೇ ಕೇಳುತ್ತಾರೆ, ಆಗ ಕಾರಣ ಹೇಳಿ. ಲೀಡ್‌ಗೆ ಮೊದಲೇ ತಿಳಿಸಬೇಕಾ ಅಂದರೆ, ತಿಳಿಸಿ. ಕಾಲ್‌ಗೆ ಐದು ನಿಮಿಷ ಇರುವಾಗ, ಒಂದು ಸಾಲಿನ ಮೆಸೇಜ್ ಸಾಕು. ಪಿಸುಗುಟ್ಟಲು ಪುರುಸೊತ್ತು ಸಿಗಬಾರದು. ಆಮೇಲೂ ಅವರು ಮ್ಯೂಟ್ ತೆಗೆದು "ಬಟ್ ವಿ ವಿಲ್ ಟ್ರೈ" ಅಂತ ಸೇರಿಸಲು ಬಂದರೆ ಬರಲಿ. ಅಷ್ಟರಲ್ಲಿ ನೀವು ತಾರೀಖು ಹೇಳಿ ಆಗಿರುತ್ತದೆ.