ಕರಾಟೆ ಬಿಟ್ಟು ಜಿಯು-ಜಿತ್ಸು ಸೇರಬೇಕಾ?

ಐದು ವರ್ಷ ಕರಾಟೆ ಕಲಿತಿದ್ದೀನಿ, ನಿಜವಾದ ಹೊಡೆದಾಟಕ್ಕೆ ಎದುರಾಳಿಯನ್ನು ನೆಲಕ್ಕೆ ಕೆಡವಿ ಪಟ್ಟು ಹಾಕುವ ಬ್ರೆಜಿಲಿಯನ್ ಜಿಯು-ಜಿತ್ಸುನೇ ಮೇಲಾ ಅಂತ ಕೇಳಿದ್ದೀರಿ. ಎದುರಿಗೆ ಒಬ್ಬನೇ ಇದ್ದರೆ ಹೌದು. 1993ರಲ್ಲಿ ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಕಲೆಗಳವರು ಸೆಣಸುವ ಪಂದ್ಯಾವಳಿಯಾದ ಮೊದಲ ಯುಎಫ್‌ಸಿಯಲ್ಲಿ ಜಿಯು-ಜಿತ್ಸು ಪಟು ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ನೆಲದ ಮೇಲೆ ಸಿಕ್ಕಿಸಿ ಸೋಲೊಪ್ಪಿಸಿದ, ಆಸಾಮಿ ನೋಡಿದರೆ ದೈತ್ಯನೇನಲ್ಲ. ಕಾರಣ ಅವರ ಅಭ್ಯಾಸ. ಅಲ್ಲಿ ದಿನಾ ಎದುರಿನವನು ನಿಜವಾಗಿಯೇ ತಪ್ಪಿಸಿಕೊಳ್ಳಲು ನೋಡುತ್ತಾನೆ, ಕರಾಟೆಯ ಕಟಾದಲ್ಲಿ (ಒಬ್ಬರೇ ಮಾಡುವ ನಿಗದಿತ ಚಲನೆಗಳ ಅಭ್ಯಾಸ) ನಾವು ಗಾಳಿಗೆ ಗುದ್ದುತ್ತೇವೆ, ಅಲ್ವಾ? ಜೂಡೋದಲ್ಲೂ ಹಾಗೇ ಸೆಣಸುತ್ತಾರೆ. 1951ರಲ್ಲಿ ರಿಯೋದಲ್ಲಿ ಜಪಾನಿನ ಜೂಡೋ ಪಟು ಕಿಮುರಾ, ಇದೇ ರಾಯ್ಸ್‌ನ ಅಪ್ಪ ಹೀಲಿಯೋ ಗ್ರೇಸಿಯ ತೋಳನ್ನೇ ಮುರಿದಿದ್ದ. ಬೀದಿಯಲ್ಲಿ ಮಾತ್ರ ಸುಮ್ನೆ ಕೆಳಗೆ ಮಲಗಿ ಪಟ್ಟು ಹಾಕೋಕೆ ಹೋಗಬೇಡಿ, ಎದುರಾಳಿಯ ಗೆಳೆಯ ಬಂದು ತಲೆಗೆ ಒದ್ದರೆ ಮುಗೀತು. ಕರಾಟೆ ಬಿಡಬೇಡಿ, ವಾರಕ್ಕೆರಡು ದಿನ ಜಿಯು-ಜಿತ್ಸುಗೂ ಹೋಗಿ. ಮೊದಲ ತಿಂಗಳು ಬರೀ ಒದ್ದಾಟವೇ!